ಡ್ರಿಲ್ ಮೇಷ್ಟರ ಭಾಗಾಕಾರ

ನಮ್ಮ ಭಾವನಿಗೆ ಸಾಲಿನ ನಡುವೆ ಖಾಲಿ ಜಾಗ ಕಂಡರಾಗದು. ಬಾಗಿಲ ಬಳಿ ಬಿಟ್ಟ ಚಪ್ಪಲಿಗಳಲ್ಲಿ ಒಂದು ಜೊತೆ ಹೊರಗೆ ಹೋಯಿತೆಂದರೆ ಉಳಿದವನ್ನು ಕಾಲಿನಿಂದಲೇ ಒತ್ತರಿಸಿ ಸಾಲು ಕೂಡಿಸುತ್ತಾರೆ. ಬ್ಯಾಂಕಿನ ಸರದಿಯಲ್ಲಿ ಮುಂದಿನವನು ಮೈಮರೆತು ನಿಂತರೆ ಅವನ ಬೆನ್ನಿಗೆ ಎರಡು ಬೆರಳು ತಾಗಿಸಿ, ಅತ್ಯಂತ ಸೌಜನ್ಯದಿಂದ, ಆದರೆ ಆಜ್ಞೆಯ ಧ್ವನಿಯಲ್ಲಿ, "ಜಾಗ ಮುಚ್ಚಿ" ಎನ್ನುತ್ತಾರೆ. ನನ್ನ ಕಪಾಟಿನಿಂದ ಯಾರಾದರೂ ಒಂದು ಪುಸ್ತಕವನ್ನು ಎರವಲು ಒಯ್ದರೆ ಸಂಜೆಯೊಳಗೆ ಅದರ ಅಕ್ಕಪಕ್ಕದವು ಹೆಗಲಿಗೆ ಹೆಗಲು ತಾಗಿಸಿ ನಿಂತುಬಿಟ್ಟಿರುತ್ತವೆ. ಹೋದದ್ದು ಯಾವುದೆಂದು ತಿಳಿಯುವ ಮಾರ್ಗವೇ ಉಳಿಯುವುದಿಲ್ಲ. ನನ್ನ ಗ್ರಂಥಭಂಡಾರವು ಹೀಗೆ ವರ್ಷದಿಂದ ವರ್ಷಕ್ಕೆ ಶಿಸ್ತುಬದ್ಧವಾಗಿ ಕರಗುತ್ತಿದೆ.

ಅವರು ಡ್ರಿಲ್ ಮೇಷ್ಟ್ರು. ಊರಿನ ನಡುವಿನ ಶಾಲೆಯೊಂದರ ಮೈದಾನದಲ್ಲಿ, ಯೌವನದಿಂದ ಕೂದಲು ನರೆಯುವವರೆಗೆ, ಮಕ್ಕಳನ್ನು ಸಾಲಾಗಿ ನಿಲ್ಲಿಸುವುದೇ ಅವರ ವೃತ್ತಿ. ಯಾವ ಮಗುವಾದರೂ ಜ್ವರವೆಂದು ಮನೆಯಲ್ಲಿ ಉಳಿದರೆ ಅದರ ಜಾಗ ಕ್ಷಣಮಾತ್ರವೂ ಬರಿದಾಗಿರಕೂಡದು. ಸೀಟಿ ಒಮ್ಮೆ ಊದಿದರೆ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿದು, ಆ ಮಗು ಹುಟ್ಟಿಯೇ ಇರಲಿಲ್ಲವೆಂಬಂತೆ ಸಾಲು ಕೂಡಿಕೊಳ್ಳಬೇಕು. ಅವರ ನಡಿಗೆಯೂ ಹಾಗೆಯೇ. ಬೀದಿಯ ಮೂಲೆ ಬಂದರೆ ನಾವೆಲ್ಲ ಬಳಸಿಕೊಂಡು ಹೋಗುತ್ತೇವೆ. ಅವರು ನಿಂತು, ಹಿಮ್ಮಡಿಯ ಮೇಲೆ ದೇಹವನ್ನು ಕಚಕ್ಕನೆ ತಿರುಗಿಸಿ, ಮತ್ತೆ ಹೊರಡುತ್ತಾರೆ. ಕಾಲಲ್ಲಿ ಸದಾ ಬಿಳಿಯ ಕ್ಯಾನ್ವಾಸ್ ಬೂಟು. ಮಾತು ಕಡಿಮೆ, ಆಡಿದ ಮಾತಿಗೆ ಎದುರಿನವರು ಉತ್ತರಿಸುವಷ್ಟು ವ್ಯವಧಾನವೂ ಅವರಿಗಿಲ್ಲ. "ಊಟಕ್ಕೆ ಕೂರೋಣ. ಆಯ್ತಾ? ಆಯ್ತು" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಪೂರೈಸಿಬಿಡುತ್ತಾರೆ.

"ಮದುವೆ ಆಗೋಣ್ವಾ ಅಂತ ಕೇಳಿದಾಗಲೂ ಹಾಗೇ, 'ಆಯ್ತಾ? ಆಯ್ತು' ಅಂತ ಇವರೇ ಹೇಳ್ಕೊಂಡ್ರು ಕಣೋ. ನಾನಿನ್ನೂ ಉತ್ತರ ಕೊಟ್ಟಿಲ್ಲ" ಎನ್ನುತ್ತಾಳೆ ನನ್ನ ಅಕ್ಕ.

ಇಂಥ ಮನುಷ್ಯರಿಗೆ ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಮುಖ್ಯೋಪಾಧ್ಯಾಯಿನಿಯಿಂದ ಕರೆ ಬಂತು. ನಾಲ್ಕನೆಯ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದ ಮೇಡಂ ಕೆಲಸ ಬಿಟ್ಟು ಬೇರೆ ಊರಿಗೆ ಹೊರಟಿದ್ದರು. ಹೊಸಬರನ್ನು ನೇಮಿಸುವ ಲಕ್ಷಣ ಸದ್ಯಕ್ಕಿರಲಿಲ್ಲ. ಶಾಲೆ ಮತ್ತೆ ತೆರೆದಾಗ ಆ ತರಗತಿಯ ಲೆಕ್ಕ ನಿಮ್ಮದು, ಮೊದಲ ದಿನ ನಾನೂ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತೇನೆ, ನಿಮ್ಮ ಕೈಯಲ್ಲಿ ಆಗದಿದ್ದರೆ ಬೇರೆ ಯೋಚನೆ ಮಾಡೋಣ ಎಂದರಂತೆ ಆಕೆ. ಜೀವಮಾನದಲ್ಲಿ ಒಂದು ಆಜ್ಞೆಯನ್ನೂ ಮೀರದ ಭಾವ, ಬಾಯಿ ತೆರೆಯುವ ಮೊದಲೇ ಅಭ್ಯಾಸಬಲದಿಂದ ಹಿಮ್ಮಡಿ ಕೂಡಿಸಿ ನಿಂತು, ಒಪ್ಪಿಕೊಂಡು ಮನೆಗೆ ಬಂದರು. ಬಂದ ಮೇಲೆ ಬಹಳ ಹೊತ್ತು ಬೂಟು ಬಿಚ್ಚಲಿಲ್ಲ.

ಅವರ ಚಿಂತೆ ಮುಖ್ಯೋಪಾಧ್ಯಾಯಿನಿಯ ಕುರಿತದ್ದಲ್ಲವೆಂದು ನನಗೆ ತಿಳಿದದ್ದು ಎರಡು ದಿನ ಬಿಟ್ಟು, ತಾರಸಿಯ ಮೇಲೆ. ಆ ಮನೆಯ ಮೇಲಿನ ಕೋಣೆಯಲ್ಲಿ ನಾನು ಠಿಕಾಣಿ ಹೂಡಿ ವಾರಪತ್ರಿಕೆಗಳಿಗೆ ನಗೆಬರಹ ಒದಗಿಸುತ್ತಿರುವುದರಿಂದ, ಕೆಳಗಿನವರ ದುಃಖಗಳು ಸಂಜೆಯ ಗಾಳಿಗೆಂದು ಮೇಲೆ ಬಂದಾಗ ಮೊದಲು ನನಗೇ ಸಿಗುತ್ತವೆ. ಅವರ ಒಬ್ಬಳೇ ಮಗಳು, ನಾವೆಲ್ಲ ಗುಬ್ಬಿ ಎಂದು ಕರೆಯುವವಳು, ಅದೇ ಶಾಲೆಯಲ್ಲಿ ಮೂರನೆಯದನ್ನು ಮುಗಿಸಿದ್ದಳು. ರಜೆ ಕಳೆದರೆ ಅವಳು ನಾಲ್ಕನೆಯ ತರಗತಿಯಲ್ಲಿ, ಕಿಟಕಿ ಪಕ್ಕದ ಬೆಂಚಿನಲ್ಲಿ.

"ಹೆಡ್‌ಮಿಸ್ ಬೈದ್ರೆ ಬೈಸ್ಕೋಬಹುದಯ್ಯಾ" ಎಂದರು ಭಾವ, ನೀರಿನ ತೊಟ್ಟಿಯ ಕಡೆ ನೋಡುತ್ತಾ. "ಆದ್ರೆ ನಿಮ್ಮಪ್ಪನಿಗೆ ಲೆಕ್ಕ ಬರಲ್ಲ ಅಂತ ನನ್ನ ಮಗಳಿಗೆ ಯಾರೂ ಹೇಳಬಾರದು." ಅಂದು ಅವರು ತಮ್ಮ ವಾಡಿಕೆಯ ಉತ್ತರವನ್ನು ಕೊಟ್ಟುಕೊಳ್ಳಲಿಲ್ಲ.

ಶಾಲೆಯವರು ರಜೆಯಲ್ಲಿ ಮಕ್ಕಳು ಲೆಕ್ಕ ಮರೆಯದಿರಲೆಂದು ಅಭ್ಯಾಸ ಪುಸ್ತಕವೊಂದನ್ನು ಕೊಟ್ಟಿದ್ದರು. ಭಾವ ಅಂಥದ್ದೇ ಇನ್ನೊಂದನ್ನು ತಂದರು. ಮರುದಿನದಿಂದ ಬೆಳಗ್ಗೆ, ನಡುಮನೆಯಲ್ಲಿ, ಫ್ಯಾನಿನ ನೇರ ಕೆಳಗೆ, ತಂದೆಮಗಳು ಎದುರುಬದುರಾಗಿ ಕುಳಿತು ಒಂದೇ ಪುಟವನ್ನು ಬಿಡಿಸತೊಡಗಿದರು. ಮೊದಲು ಮುಗಿಸಿದವರು ಇನ್ನೊಬ್ಬರದನ್ನು ಕೆಂಪು ಪೆನ್ಸಿಲಿನಿಂದ ತಿದ್ದಬೇಕೆಂಬುದು ಒಪ್ಪಂದ. ಕೆಂಪು ಪೆನ್ಸಿಲ್ ಎರಡನೆಯ ದಿನದಿಂದ ಗುಬ್ಬಿಯ ಕಿವಿಯ ಸಂದಿಯಲ್ಲೇ ವಾಸ ಮಾಡತೊಡಗಿತು.

ಆರಂಭದಲ್ಲಿ ಗುರುಸ್ಥಾನಕ್ಕೆ ನನ್ನನ್ನು ಕರೆದಿದ್ದರು. ವಿದ್ಯಾವಂತನೆಂಬ ಖ್ಯಾತಿಯ ಭಾರವನ್ನು ಹೊತ್ತು ಗಂಭೀರವಾಗಿ ಇಳಿದು ಬಂದ ನಾನು, ಭಿನ್ನರಾಶಿಗಳ ಸಂಕಲನವೊಂದರಲ್ಲಿ ಅಂಶಕ್ಕೆ ಅಂಶ ಕೂಡಿಸಿ, ಛೇದಕ್ಕೆ ಛೇದ ಕೂಡಿಸಿ, ಅರ್ಧಕ್ಕೆ ಅರ್ಧ ಸೇರಿದರೆ ಮತ್ತೆ ಅರ್ಧವೇ ಆಗುತ್ತದೆಂದು ಸಾಧಿಸಿ ತೋರಿಸಿದೆ. ಗುಬ್ಬಿ ನನ್ನನ್ನು ಕರುಣೆಯಿಂದ ನೋಡಿದಳು. "ಮಾಮ, ನಿಮಗೆ ಬರೆಯೋ ಕೆಲಸ ಇತ್ತಲ್ವಾ, ಹೋಗಿ" ಎಂದಳು. ಇಷ್ಟು ಮರ್ಯಾದೆಯಿಂದ ನನ್ನನ್ನು ಯಾವ ಸಂಪಾದಕರೂ ಸಾಗಹಾಕಿಲ್ಲ.

ಭಾವನಿಗೆ ಮಗ್ಗಿ ಬರುತ್ತಿತ್ತು, ಆದರೆ ಕಾಲುಗಳ ಮೂಲಕ. ಏಳೆಂಟ್ಲ ಎಷ್ಟು ಎಂದು ಕೇಳಿದರೆ ಎದ್ದುನಿಂತು, ಏಳೊಂದ್ಲ ಏಳರಿಂದ ಹೊರಟು, ಹೆಜ್ಜೆಗೊಂದು ಗುಣಲಬ್ಧವನ್ನು ಇಡುತ್ತಾ ಅಡುಗೆಮನೆಯ ಹೊಸ್ತಿಲವರೆಗೆ ನಡೆದು, ಐವತ್ತಾರರ ಮೇಲೆ ಕಾಲೂರಿ ಗೆಲುವಿನಿಂದ ಹಿಂತಿರುಗಿ ನೋಡುವರು. ಒಂಬತ್ತರ ಮಗ್ಗಿಯ ದಿನಗಳಲ್ಲಿ ಅಕ್ಕನಿಗೆ ಒಲೆಯ ಬಳಿ ನಿಲ್ಲುವುದೇ ಕಷ್ಟವಾಯಿತು. "ಒಂಬತ್ತೊಂಬತ್ಲ ಹಿತ್ತಲಲ್ಲಿ ಹೇಳ್ಕೊಳ್ಳಿ, ಇಲ್ಲಿ ಜಾಗ ಇಲ್ಲ" ಎಂದು ಅವಳು ಸೌಟು ತೋರಿಸಿದಳು. ಕ್ರಮೇಣ ಗುಬ್ಬಿಯ ಒತ್ತಾಯಕ್ಕೆ ನಡಿಗೆ ಕುರ್ಚಿಯ ಕೆಳಗೆ ಕಾಲು ಕುಣಿಸುವುದಕ್ಕಿಳಿದು, ಕೊನೆಗೆ ಬೂಟಿನೊಳಗಿನ ಹೆಬ್ಬೆರಳ ಚಲನೆಯಾಗಿ ಮರೆಯಾಯಿತು.

ಕಷ್ಟವಿದ್ದದ್ದು ಭಾಗಾಕಾರದಲ್ಲಿ. ಆರುನೂರ ಹದಿನೆಂಟನ್ನು ಆರರಿಂದ ಭಾಗಿಸು ಎಂದಿತ್ತು ಪುಸ್ತಕ. ಭಾವ ಆರರಲ್ಲಿ ಆರು ಒಂದು ಸಲ ಎಂದು ಒಂದನ್ನು ಬರೆದರು. ಮುಂದಿನ ಒಂದರಲ್ಲಿ ಆರು ಹೋಗುವುದಿಲ್ಲ. ಸರಿ, ಎಂಟನ್ನೂ ಕೆಳಗಿಳಿಸಿಕೊಂಡು, ಹದಿನೆಂಟರಲ್ಲಿ ಆರು ಮೂರು ಸಲ ಎಂದು ಒಂದರ ಪಕ್ಕದಲ್ಲೇ ಮೂರನ್ನು ನಿಲ್ಲಿಸಿದರು. ಉತ್ತರ ಹದಿಮೂರು, ಶೇಷ ಇಲ್ಲ. ಸಾಲು ನೋಡಲು ಬಹಳ ಅಚ್ಚುಕಟ್ಟಾಗಿತ್ತು.

"ಅಪ್ಪಾ, ಸೊನ್ನೆ ಎಲ್ಲಿ?"

"ಅಲ್ಲಿ ಯಾರೂ ಇರಲಿಲ್ಲ. ಅದಕ್ಕೆ ಮೂರನ್ನ ಮುಂದೆ ಸರಿಸಿದೆ."

"ಹಾಗೆಲ್ಲ ಸರಿಸ್ಬಾರ್ದು."

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ? ಏನೂ ಇಲ್ಲದ ಕಡೆ ಜಾಗ ಯಾಕೆ ಬಿಡ್ಬೇಕು?"

ಗುಬ್ಬಿ ಕೆಂಪು ಪೆನ್ಸಿಲನ್ನು ಕಿವಿಯಿಂದ ತೆಗೆದು, ಅಪ್ಪನ ಹದಿಮೂರನ್ನು ತಿದ್ದದೆ, ಬೇರೆ ದಾರಿ ಹಿಡಿದಳು. ಆರು ಜನಕ್ಕೆ ತಲಾ ನೂರು ಗೋಲಿ ಹಂಚಿದರೇ ಆರುನೂರು ಮುಗಿಯುತ್ತದಲ್ಲ, ಮಿಕ್ಕಿದ್ದನ್ನೂ ಕೊಟ್ಟ ಮೇಲೆ ಅವರ ಹತ್ತಿರ ಹದಿಮೂರೇ ಉಳಿದರೆ ಬಾಕಿಯವು ಯಾರ ಜೇಬಿಗೆ ಹೋದವು ಎಂದು ಕೇಳಿದಳು. ಭಾವನಿಗೆ ತಪ್ಪು ಅರ್ಥವಾಯಿತು, ಮಾರನೆಯ ದಿನ ಮತ್ತೆ ಅದನ್ನೇ ಮಾಡಿದರು. ಅರ್ಥವಾಗುವುದು ತಲೆಯ ಕೆಲಸ; ಜಾಗ ಮುಚ್ಚುವುದು ಅವರ ಕೈಗೆ ಹತ್ತಿದ ಚಾಳಿ. ಮೈದಾನದಲ್ಲಿ ಇಷ್ಟು ವರ್ಷ ಗುಣವೆಂದು ಹೊಗಳಿಸಿಕೊಂಡದ್ದೇ ಕಾಗದದ ಮೇಲೆ ಅಪರಾಧವಾಗಿ ನಿಂತಿತ್ತು. ಕೊನೆಗೆ ಆ ಪುಟ್ಟ ಗುರು ಒಂದು ನಿಯಮ ವಿಧಿಸಿದಳು: ಯಾವ ಭಾಗಾಕಾರವನ್ನೂ ತಾಳೆ ನೋಡದೆ ಬಿಡಕೂಡದು. ಬಂದ ಉತ್ತರವನ್ನು ಭಾಗಿಸಿದ ಸಂಖ್ಯೆಯಿಂದ ಗುಣಿಸು, ಹೊರಟ ಸಂಖ್ಯೆಯೇ ಬಂದರೆ ಮಾತ್ರ ಪೆನ್ಸಿಲ್ ಕೆಳಗಿಡು. ಆಜ್ಞೆ ಎಂದ ಮೇಲೆ ಭಾವ ತಪ್ಪುವವರಲ್ಲ. ರಜೆಯ ಕೊನೆಯ ವಾರಗಳಲ್ಲಿ ಅವರು ಸೊನ್ನೆ ಬಿಡುವುದೂ ನಡೆದಿತ್ತು, ತಾಳೆ ನೋಡಿ ಹಿಡಿಯುವುದೂ ನಡೆದಿತ್ತು. ಯಾವುದು ಮೊದಲು ನಿಲ್ಲುತ್ತದೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಶಾಲೆ ತೆರೆದ ದಿನದ ವೃತ್ತಾಂತವನ್ನು ನಾನು ಕಣ್ಣಾರೆ ಕಂಡವನಲ್ಲ. ಗುಬ್ಬಿ ಹೇಳಿದ್ದು, ಅಕ್ಕ ಭಾವನ ಬಾಯಿ ಬಿಡಿಸಿ ನನಗೆ ದಾಟಿಸಿದ್ದು, ಎರಡನ್ನೂ ಕೂಡಿಸಿಕೊಂಡು ಬರೆಯುತ್ತಿದ್ದೇನೆ. ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ, ಮಕ್ಕಳಳತೆಯ ಮೇಜಿನ ಕೆಳಗೆ ಮಂಡಿ ಹಿಡಿಯದೆ ಓರೆಯಾಗಿ ಕುಳಿತಿದ್ದರಂತೆ. ಭಾವ ಮನೆಯಲ್ಲಿ ಆರಿಸಿಕೊಂಡು ಹೋಗಿದ್ದ ಸಾಧುಸ್ವಭಾವದ ಲೆಕ್ಕವೊಂದನ್ನು ಬೋರ್ಡಿನ ಮೇಲೆ ಯಾವ ಅಪಘಾತವೂ ಇಲ್ಲದೆ ದಡ ಸೇರಿಸಿದರು. ಆಗ ಹಿಂದಿನಿಂದ, ಮುಂದಿನ ಸಂಖ್ಯೆಯನ್ನು ಮಕ್ಕಳೇ ಹೇಳಲಿ ಎಂದು ಸೂಚನೆ ಬಂತು. ಯಾರೋ ಏಳುನೂರ ನಲವತ್ತೊಂಬತ್ತು ಎಂದರು; ಇನ್ಯಾರೋ, ಏಳರಿಂದ ಎಂದರು.

ಭಾವ ಏಳರ ಕೆಳಗೆ ಏಳು ಬರೆದು, ಮೇಲೆ ಒಂದನ್ನು ಇಟ್ಟು, ನಾಲ್ಕನ್ನು ನೋಡಿ, ಒಂಬತ್ತನ್ನು ಇಳಿಸಿ, ಒಂದರ ಪಕ್ಕಕ್ಕೆ ಏಳನ್ನು ತಂದು ಒತ್ತಾಗಿ ನಿಲ್ಲಿಸಿಬಿಟ್ಟರು. ಹದಿನೇಳು. ತರಗತಿಯ ಮಕ್ಕಳೆಲ್ಲ ವಿಧೇಯರಾಗಿ ಹದಿನೇಳೆಂದು ಬರೆದುಕೊಂಡರು. ಕಿಟಕಿ ಪಕ್ಕದ ಬೆಂಚಿನಲ್ಲಿ ಮಾತ್ರ ಪೆನ್ಸಿಲೊಂದು ನೂರೇಳರ ಬಳಿ ನಿಂತಿತ್ತು. ಗುಬ್ಬಿ ಕೈ ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೆಂದು ಅಕ್ಕ ಆಮೇಲೆ ಕೇಳಿದ್ದಕ್ಕೆ, "ಅಪ್ಪ ಇನ್ನೂ ತಾಳೆ ನೋಡಿರಲಿಲ್ವಲ್ಲ" ಎಂದಳಂತೆ.

ಭಾವ ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದಲ್ಲಿ ಹದಿನೇಳನ್ನು ಏಳರಿಂದ ಗುಣಿಸಿದರು. ನೂರ ಹತ್ತೊಂಬತ್ತು ಬಂತು. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಬಳಿಕ ಅವರು ಮಕ್ಕಳ ಕಡೆ ತಿರುಗಿ ಹೇಳಿದರು:

"ನಾನು ತಪ್ಪು ಮಾಡಿದೀನಿ. ಎಲ್ಲಿ ಅಂತ ಹುಡುಕಿ."

ಮೇಷ್ಟರ ತಪ್ಪನ್ನು ಹುಡುಕುವ ಅಧಿಕಾರ ಆ ಮಕ್ಕಳಿಗೆ ಅದುವರೆಗೆ ಯಾರೂ ಲಿಖಿತವಾಗಿಯಾಗಲಿ ಮೌಖಿಕವಾಗಿಯಾಗಲಿ ದಯಪಾಲಿಸಿರಲಿಲ್ಲ. ನಂತರ ಇಡೀ ತರಗತಿ ಮುಂದಕ್ಕೆ ಬಾಗಿತು. ಒಬ್ಬ ಏಳರ ಮಗ್ಗಿಯನ್ನೇ ಅನುಮಾನಿಸಿದ. ಇನ್ನೊಬ್ಬಳು ಕಳೆಯುವುದರಲ್ಲಿ ತಪ್ಪಿದೆ ಎಂದಳು. ಎಂದೂ ಬಾಯಿ ಬಿಡದವಳೆಂದು ಹೆಸರಾದ ಹುಡುಗಿಯೊಬ್ಬಳು ಎದ್ದು ಬಂದು, ಒಂದಕ್ಕೂ ಏಳಕ್ಕೂ ನಡುವೆ ಬೆರಳು ತೂರಿಸಲು ನೋಡಿ, ಇಲ್ಲಿ ಜಾಗ ಬೇಕು ಸರ್ ಎಂದಳು. ಭಾವ ಒರೆಸುವ ಬಟ್ಟೆಯನ್ನು ಹುಡುಕದೆ ಅಂಗೈಯಿಂದಲೇ ಏಳನ್ನು ಅಳಿಸಿ, ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು.

ಗಂಟೆ ಹೊಡೆದ ಮೇಲೆ ಮುಖ್ಯೋಪಾಧ್ಯಾಯಿನಿ ಶಾಲೆಯ ಪಡಸಾಲೆಯಲ್ಲಿ ಅವರನ್ನು ನಿಲ್ಲಿಸಿದರು. ಆಕೆಗೆ ಪಾಠ ಬಹಳ ಹಿಡಿಸಿದಂತಿತ್ತು. "ಆ ತಪ್ಪನ್ನ ಬೇಕೂಂತಲೇ ಮಾಡಿದ್ರಿ ಅಲ್ವಾ, ಮಕ್ಕಳು ಯೋಚನೆ ಮಾಡ್ಲಿ ಅಂತ?" ಎಂದು ಕೇಳಿದರು.

"ಇಲ್ಲ ಮೇಡಂ, ನಿಜವಾಗ್ಲೂ ತಪ್ಪಿದ್ದೆ" ಎಂದರು ಭಾವ.

ಆಕೆ ಅವರ ಮುಖವನ್ನೊಮ್ಮೆ, ಸುಣ್ಣ ಹತ್ತಿದ ಅಂಗೈಯನ್ನೊಮ್ಮೆ ನೋಡಿ, ನಾಳೆ ನಾನು ಬರುವುದಿಲ್ಲ, ನೀವು ಮುಂದಿನ ಪಾಠ ತೆಗೆದುಕೊಳ್ಳಿ ಎಂದು ಹೇಳಿ ಹೊರಟುಹೋದರಂತೆ.

ಅಕ್ಕನಿಗೆ ಇದು ಇನ್ನೂ ಜೀರ್ಣವಾಗಿಲ್ಲ. "ಹೂಂ ಅಂದಿದ್ರೆ ಇವರ ಗಂಟೇನು ಹೋಗ್ತಿತ್ತು?" ಎಂದು ಈಗಲೂ ಕೇಳುತ್ತಾಳೆ. ಒಪ್ಪಿಕೊಳ್ಳುತ್ತೇನೆ, ನಾನಾಗಿದ್ದರೆ ಹೂಂ ಎನ್ನುವುದಷ್ಟೇ ಅಲ್ಲ, ಆ ವಿಧಾನಕ್ಕೊಂದು ಹೆಸರಿಟ್ಟು ಲೇಖನವನ್ನೂ ಬರೆದುಬಿಡುತ್ತಿದ್ದೆ. ಭಾವನಿಗೆ ಬೇಕಾಗಿದ್ದದ್ದು ಬೇರೆಯೇ ಒಂದು ಸಮಾಚಾರ. ಅದನ್ನು ಮಗಳನ್ನು ನೇರವಾಗಿ ಕೇಳುವ ಧೈರ್ಯವಿಲ್ಲದೆ ಅಕ್ಕನ ಮೂಲಕ ಕೇಳಿಸಿದರು: ಯಾರಾದರೂ ಏನಾದರೂ ಅಂದರೇ? ನಕ್ಕರೇ?

ಗುಬ್ಬಿ ತನ್ನ ಚೀಲದಿಂದ ತಲೆಯೆತ್ತದೆ, "ನಗೋಕೆ ಯಾರಿಗೆ ಪುರುಸೊತ್ತಿತ್ತು? ಎಲ್ಲರೂ ಹುಡುಕ್ತಾ ಇದ್ರು" ಎಂದಳು. ಬಾಗಿಲ ಮರೆಯಲ್ಲಿದ್ದ ಭಾವ ಇದನ್ನು ಕೇಳಿಸಿಕೊಂಡು ಬೂಟಿನ ದಾರ ಬಿಚ್ಚಲು ಕುಳಿತರು.

ತಮಗೆ ಲೆಕ್ಕ ಬರುವುದಿಲ್ಲವೆಂದು ಹೇಳಿಕೊಳ್ಳುವ ಎರಡು ಬಗೆಯ ಜನರನ್ನು ನಾನು ಬಲ್ಲೆ. ಒಂದು, ನನ್ನಂಥವರ ಪಂಗಡ, ನಾವು ಅದನ್ನು ಸಭೆಗಳಲ್ಲಿ, ನಸುನಗುತ್ತಾ, ಏನೋ ಒಂದು ಕುಲೀನ ರೋಗವಿದ್ದಂತೆ ಪ್ರಕಟಿಸುತ್ತೇವೆ, ಕೇಳಿದವರೂ ನಗುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ, ಸಾಯುವವರೆಗೂ ನಮಗೆ ಲೆಕ್ಕ ಬರುವುದಿಲ್ಲ. ಇನ್ನೊಂದು ಪಂಗಡ ಚಿಕ್ಕದು. ಅವರು ಅದೇ ಮಾತನ್ನು ತಲೆ ತಗ್ಗಿಸಿ, ಯಾರೋ ಒಬ್ಬರ ಕಿವಿಯಲ್ಲಿ ಮಾತ್ರ ಹೇಳುತ್ತಾರೆ. ಹೇಳಿ, ಮಾರನೆಯ ಬೆಳಗ್ಗೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಾರೆ. ಅವರು ಪಂಡಿತರಾಗುವುದಿಲ್ಲ, ತಪ್ಪುವುದನ್ನು ನಿಲ್ಲಿಸುವುದೂ ಇಲ್ಲ. ಆದರೆ ತಪ್ಪಿದಾಗ ಹಾಗೆಂದು ಹೇಳಬಲ್ಲವರು ಅವರು ಮಾತ್ರವೇ ಆದ್ದರಿಂದ, ಮಕ್ಕಳಿಗೆ ಏನಾದರೂ ಕಲಿಸುವ ಕೆಲಸ ಈ ಲೋಕದಲ್ಲಿ ಬಹುಮಟ್ಟಿಗೆ ಅವರ ಪಾಲಿಗೇ ಬರುತ್ತದೆ.