ಅನಸೂಯಾ ಬಿಟ್ಟ ಗರಿಕೆಯ ಮೂಲೆ

ಗಣೇಶನ ಹಬ್ಬ ಹತ್ತಿರ ಬಂದರೆ ಪರದೇಶದ ಈ ವಿಂಡಮ್ ವೇಲ್ ಬಡಾವಣೆಯ ನಮ್ಮ ಹೆಂಗಸರಿಗೆಲ್ಲ ಒಂದೇ ಚಿಂತೆ, ಗರಿಕೆ ಎಲ್ಲಿ? ಅಂಗಡಿಯಲ್ಲಿ ಗಣಪ ಸಿಗುತ್ತಾನೆ, ಗರಿಕೆ ಸಿಗುವುದಿಲ್ಲ. ಅನಸೂಯಾಳ ಮನೆಯಲ್ಲಂತೂ ಗಂಡ ಬದರಿನಾಥ ಪ್ರತಿ ಶನಿವಾರ ಲಾನ್ ಬೋಳಿಸುತ್ತಾನೆ, ಬೇರು ಉಳಿದರೆ ಪುಣ್ಯ.

ಹಾಗಾಗಿ ಅವಳು ಹಳ್ಳದ ಪಕ್ಕದ ಹುಲ್ಲುಗಾವಲಿಗೆ ಹೋಗುವುದು ವಾಡಿಕೆ. ಕೀಳಬೇಡಿ ಎಂದು ಅಲ್ಲಿ ಬೋರ್ಡಿದೆ. ಆದರೂ ಈ ಸಲ ಗರಿಕೆಯಂತೆ ಕಂಡದ್ದನ್ನೆಲ್ಲ ಕಿತ್ತು, ಹಳದಿ ಹೂವಿನ ಗಿಡಗಳನ್ನೂ ಬೇರುಸಹಿತ ಚೀಲಕ್ಕೆ ತುಂಬಿ, ಬೀಗುತ್ತ ಮನೆಗೆ ಬಂದಳು.

ಪಕ್ಕದ ಮನೆಯ ಹನಾನ್ ಟೀಗೆ ಬಂದಿದ್ದಳು. ಜೋರ್ಡಾನಿನಲ್ಲಿ ಕುರಿ ಮೇಯಿಸುವವರ ಊರಿನವಳು. ಚೀಲ ನೋಡಿ, "ಬೇರುಸಹಿತ ಕಿತ್ತಿರಾ?" ಎಂದಳು.

"ಬರೀ ಹುಲ್ಲು ತಾನೇ, ಮತ್ತೆ ಬೆಳೆಯತ್ತೆ ಬಿಡಿ," ಎಂದಳು ಅನಸೂಯಾ.

ಹನಾನ್ ವಾದಕ್ಕಿಳಿಯದೆ ತನ್ನೂರಿನ ಸುದ್ದಿ ತೆಗೆದಳು. ಅಲ್ಲಿ ಹಿಂದೆ ಊರವರೇ ಹುಲ್ಲುಗಾವಲನ್ನು 'ಹಿಮಾ' ಎಂದು ಕಾಯುತ್ತಿದ್ದರು. ಸ್ವಲ್ಪ ಕಾಲ ಯಾರ ಕುರಿಯೂ ಒಳಗೆ ಹೋಗುವಂತಿಲ್ಲ, ಹುಲ್ಲು ಚೇತರಿಸಿಕೊಂಡ ಮೇಲೆ ಸರದಿಯ ಪ್ರಕಾರ ಮೇಯಿಸಬೇಕು. ಕಾಲ ಬದಲಾಯಿತು, ಕಟ್ಟುಪಾಡು ಸಡಿಲವಾಯಿತು, ನೆಲ ಬೋಳಾಯಿತು. ಈಚೆಗೆ ಅರಬರ ಕೆಲವು ಊರುಗಳಲ್ಲಿ ಜನ ಮತ್ತೆ ಹಿಮಾ ಮಾಡುತ್ತಿದ್ದಾರೆ. ಅವಳ ಊರೂ ಹಾಗೆ ಮಾಡಿದ ಮೇಲೆ, ಅವಳಮ್ಮ ಮರೆತೇಬಿಟ್ಟಿದ್ದ ಮದ್ದಿನ ಸೊಪ್ಪು ತಾನಾಗಿ ಚಿಗುರಿತಂತೆ.

"ಮೊದಲು ನಮ್ಮೂರಲ್ಲೂ ಎಲ್ಲರೂ ಇದನ್ನೇ ಹೇಳ್ತಿದ್ರು, ನನ್ನ ಕುರಿ ಒಂದು ಮೇಯ್ದ್ರೆ ಏನಾಗತ್ತೆ ಅಂತ," ಎಂದಳು ಹನಾನ್.

ಅನಸೂಯಾ ಮುಖ ಗಂಟಿಕ್ಕಿಕೊಂಡಳು. ಅಷ್ಟರಲ್ಲಿ ಸ್ಕೂಲಿನಿಂದ ಬಂದ ಮಗಳು ಆದ್ಯಾ ಚೀಲದೊಳಗೆ ಇಣುಕಿದಳು. ಅವಳ ಮುಖ ಬಾಡಿತು.

"ಅಮ್ಮಾ, ವೀ ಪ್ಲಾಂಟೆಡ್ ದೀಸ್. ಮೈ ಕ್ಲಾಸ್."

ಮಗಳು ಕ್ಲಾಸಿನವರೊಂದಿಗೆ ಹಳ್ಳದ ಪಕ್ಕ ನೆಟ್ಟದ್ದನ್ನು ಕಿತ್ತು ದೇವರಿಗೆ ಏರಿಸಲು ಹೊರಟಿದ್ದೆನಲ್ಲ ಎಂದು ಅನಸೂಯಾಳಿಗೆ ನಾಚಿಕೆಯಾಯಿತು. ಟೀಚರ್‌ಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡಳು. ಅವರು ಹೇಳಿದಂತೆ ತಾಯಿ ಮಗಳು ಸೇರಿ ಗಿಡಗಳನ್ನೂ ಹುಲ್ಲನ್ನೂ ಸಂಜೆಯೊಳಗೆ ಅಲ್ಲೇ ಮತ್ತೆ ನೆಟ್ಟರು. ಹೆಚ್ಚಿನವು ಬದುಕಿದವು.

ಆ ವರ್ಷ ಗಣಪ ಬರೀ ಅಕ್ಷತೆಗೇ ತೃಪ್ತನಾದ. ಹಬ್ಬದ ಮಾರನೆಯ ಶನಿವಾರ ಬದರಿನಾಥ ಮಿಷನ್ ಹೊರತೆಗೆದಾಗ ಅನಸೂಯಾ ಅಡ್ಡ ನಿಂತಳು.

"ರೀ, ಆ ಮೂಲೆ ನಮ್ಮ ಹಿಮಾ. ಅಲ್ಲಿ ಮಿಷನ್ ಓಡಿಸಿದ್ರೆ ಮುಂದಿನ ವರ್ಷ ಕಡುಬಿಲ್ಲ."

ಕಡುಬು ಎಂದ ಮೇಲೆ ಅವನು ಮಿಷನ್ ತಿರುಗಿಸದೆ ಇರುತ್ತಾನೆಯೇ? ಮರುವರ್ಷ ಆ ಮೂಲೆಯ ಗರಿಕೆ ಗೆಳತಿಯರಿಗೂ ಹಂಚುವಷ್ಟು ಬೆಳೆದಿತ್ತು. ಮೊದಲ ಎಸಳನ್ನು ಆದ್ಯಾಳೇ ಗಣಪನಿಗೆ ಏರಿಸಿದಳು. ಹಳ್ಳದ ಪಕ್ಕದಲ್ಲಿ ಅವಳ ಹೂವು ಹಳದಿಯಾಗಿ ಅರಳಿತ್ತು.

ನೀವೂ ಅಷ್ಟೇ, ಕಾಯ್ದಿಟ್ಟ ಹುಲ್ಲುಗಾವಲಿಗೆ ಕೈ ಹಾಕಬೇಡಿ. ನಿಮ್ಮ ಲಾನಿನಲ್ಲಿ ಒಂದು ಮೂಲೆಯನ್ನು ಈ ಶನಿವಾರವೇ ಬೆಳೆಯಲು ಬಿಡಿ, ಹಬ್ಬದ ಹೊತ್ತಿಗೆ ಗರಿಕೆ ಅಂಗಳದಲ್ಲೇ ಇರುತ್ತದೆ.