ಅಟ್ಟದ ಮೇಲಿದ್ದ ಗಾಳಿ ಡಬ್ಬಿ

ಗುಡ್ಡದ ಏರಿನಲ್ಲಿ ಕಾರು ಮತ್ತೆ ಕೈಕೊಟ್ಟಿತು. ಬೇಕರಿಯವಳು ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಳು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ, ಒಂದು ಕಾಲಕ್ಕೆ ಕೆಂಪಗಿದ್ದ ಹಳೆಯ ಸ್ಪೋರ್ಟ್ಸ್ ಕಾರು ಅದು. ಪಕ್ಕದ ಸೀಟಿನಲ್ಲಿ ಆವತ್ತು ಬೆಳಗ್ಗೆ ಬೇಯಿಸಿದ ಬನ್ನಿನ ಪೊಟ್ಟಣವಿತ್ತು. ಗಂಡ ಕಾರು ಓಡಿಸುತ್ತಿದ್ದಾಗ ಆ ಸೀಟಿನಲ್ಲಿ ಅವಳು, ಅವಳ ತೊಡೆಯ ಮೇಲೆ ಪೊಟ್ಟಣ. ಅವರು ತೀರಿಕೊಂಡ ಮೇಲೆ ಪೊಟ್ಟಣಕ್ಕೇ ಸೀಟು ಸಿಕ್ಕಿತ್ತು.

ವಾರಕ್ಕೊಮ್ಮೆ ಗುಡ್ಡದ ತುದಿಗೆ ಹೋಗಿ, ಕೆಳಗಿನ ಕೆರೆ ನೋಡುತ್ತಾ ಬನ್ನು ತಿಂದು ಬರುವುದು ಗಂಡಹೆಂಡಿರ ಪರಿಪಾಠ. ಅದನ್ನವಳು ಬಿಟ್ಟಿರಲಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿ ಕೈಮುಗಿದು ಕೂತರೂ ಬಾರದ ಸಮಾಧಾನ ಅಲ್ಲಿ ತಾನಾಗಿ ಬರುತ್ತಿತ್ತು. ದೇವರೂ ಗಾಳಿ ಸೇವಿಸಲು ಅಲ್ಲಿಗೇ ಬರುತ್ತಾನೋ ಏನೋ, ಯಾರು ಕಂಡರು. ಆದರೆ ಈಚೆಗೆ ಬಿಸಿಲೇರಿದರೆ ಸಾಕು, ಕಾರಿಗೆ ದಮ್ಮು ಸಾಲುತ್ತಿರಲಿಲ್ಲ. ಗರ್ಜನೆ ಮಾತ್ರ ಹುಲಿಯದು, ನಡೆ ಮುದಿ ಎತ್ತಿನದು.

“ಮತ್ತೆ ನಿಂತ್ಕೊಂಡಿತಾ?” ಫೋನಿನಲ್ಲಿ ಅಕ್ಕ ಕೇಳಿದಳು. “ನಿನ್ ಗಂಡನಿಗಿಂತ ಹಟಮಾರಿ ಕಣೇ ಅದು. ಒಬ್ಬಳೇ ಇರೋಳು ನೀನು, ನಡುದಾರೀಲಿ ಏನಾದ್ರೂ ಆದ್ರೆ ನಾನೇನು ಮಾಡ್ಲಿ? ಯಾರಿಗಾದ್ರೂ ಕೊಟ್ಟುಬಿಡು ಅದನ್ನ.”

“ಇನ್ನೊಂದು ಸಲ ನಿಂತ್ರೆ ಕೊಟ್ಬಿಡ್ತೀನಕ್ಕ.”

“ಮಾತಾ?”

“ಮಾತು.”

ಬಾಯಿ ಜಾರಿತ್ತು. ಅಕ್ಕನಿಗೆ ಕೊಟ್ಟ ಮಾತಿಗೆ ಅವಳು ಲಂಗ ತೊಡುತ್ತಿದ್ದ ಕಾಲದಿಂದಲೂ ತಪ್ಪಿದವಳಲ್ಲ. ಕಾರು ತಣಿಯುವವರೆಗೆ ಕಾದು, ಇಳಿಜಾರಿನಲ್ಲೇ ತಿರುಗಿಸಿಕೊಂಡು ನೆಟ್ಟಗೆ ಗ್ಯಾರೇಜಿಗೆ ಬಂದಳು.

ಗ್ಯಾರೇಜಿನ ಮೇಸ್ತ್ರಿ ಅವಳ ಗಂಡನ ಹಳೆಯ ಗೆಳೆಯ. ಬಾನೆಟ್ ಎತ್ತಿ, ಇಂಜಿನ್ ಶುರುಮಾಡಿಸಿ, ಮಗು ಮಲಗಿದೆಯೇ ಎಂದು ನೋಡುವವನಂತೆ ಬಹಳ ಹೊತ್ತು ಬಗ್ಗಿ ನಿಂತ.

“ಇಂಜಿನ್ನಿಗೆ ಏನೂ ಆಗಿಲ್ಲ ಅತ್ತಿಗೆ. ಉಸಿರಾಡೋದೇ ತಪ್ಪಾಗಿದೆ. ಇಲ್ಲಿ ಕೈ ಹಿಡಿದು ನೋಡಿ.”

ಅವನು ತೋರಿಸಿದಲ್ಲಿ ಕೊಳವೆಯೊಂದರ ತುದಿಗೆ ಕೆಂಪು ಬಟ್ಟೆಯ ಗಾಳಿ ಫಿಲ್ಟರು, ಬುಗುರಿಯ ಆಕಾರದ್ದು, ಮರೆಯೇನೂ ಇಲ್ಲದೆ ಬಿಸಿ ಇಂಜಿನ್ನಿನ ಮಗ್ಗುಲಲ್ಲೇ ಕೂತಿತ್ತು. ಕೈ ಹಿಡಿದಳು. ಒಲೆಯ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವಂಥದೇ ಝಳ.

“ಇದು ತನ್ನ ಬೆವರನ್ನ ತಾನೇ ಕುಡೀತಿದೆಯಲ್ಲ,” ಅಂದಳು.

“ಸರಿಯಾಗಿ ಹೇಳಿದ್ರಿ. ಪೆಟ್ರೋಲ್ ಉರೀಬೇಕಾದ್ರೆ ಗಾಳಿ ಬೇಕು. ಅದೂ ತಣ್ಣಗಿನ ಗಾಳಿ. ಬಿಸಿ ಗಾಳಿ ಎಷ್ಟು ಎಳೆದ್ರೂ...”

“ಜರಡಿ ಹಿಡಿದ ಹಿಟ್ಟಿನ ಹಾಗೆ. ಪಾತ್ರೆ ತುಂಬಿರತ್ತೆ, ತೂಕ ಇರಲ್ಲ.”

ಮೇಸ್ತ್ರಿ ನಕ್ಕ. “ನಾನು ಹೇಳೋಕೆ ಹೊರಟಿದ್ರೆ ಸಂಜೆ ಆಗ್ತಿತ್ತು. ಕಾರಿನ ಜೊತೆ ಬಂದಿದ್ದ ಕಪ್ಪು ಡಬ್ಬಿ ಇತ್ತಲ್ಲ, ಅದು ಹೆಡ್‌ಲೈಟಿನ ಹಿಂದೆ ಕೂತು ಹೊರಗಿನ ಗಾಳೀನ ಎಳ್ಕೊಳ್ತಿತ್ತು. ಅದು ಬೇಕು. ಮನೇಲೇ ಎಲ್ಲಾದ್ರೂ ಇರತ್ತೆ, ಹುಡುಕಿ.”

“ಈ ಫಿಲ್ಟರನ್ನ ಇವರೇ ಕೈಯಾರೆ ಹಾಕಿದ್ದು ಮೇಸ್ತ್ರಿ.”

“ಗೊತ್ತು ಅತ್ತಿಗೆ.” ಅವನು ಕೈ ಒರೆಸಿಕೊಂಡು ಬಾನೆಟ್ ಮುಚ್ಚಿದ.

ಅದನ್ನು ಹಾಕಿದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಗಂಡ ರೈಲ್ವೆ ನಿಲ್ದಾಣದಲ್ಲಿ ಟಿಕೆಟ್ ಕೊಡುವವರು. ಗಾಜಿನಲ್ಲಿ ಕೊರೆದ ತೂತಿನ ಮೂಲಕ ಲೋಕಕ್ಕೆಲ್ಲ ಊರೂರಿನ ಟಿಕೆಟ್ ಕೊಟ್ಟು, ತಾವು ಮಾತ್ರ ಕುರ್ಚಿ ಬಿಟ್ಟು ಅಲ್ಲಾಡದವರು. ಹುಟ್ಟಿದ ಮೇಲೆ ಅವರು ಸದ್ದು ಮಾಡಿದ್ದೆಂದರೆ ಅದೊಂದೇ. ಫಿಲ್ಟರು ಬಿಗಿದು, ಅವಳನ್ನು ಕೂರಿಸಿಕೊಂಡು ಕಾರು ಓಡಿಸಿ, ಆ ಗರ್ಜನೆಯ ನಡುವೆ “ಹೇಗಿದೆ?” ಎಂದು ಕೂಗಿದ್ದರು. ಅವಳ ಕಿವಿ ಗುಂಯ್ ಅನ್ನುತ್ತಿತ್ತು. ಆದರೆ ಅವರ ಮುಖ ನೋಡಿ ನಿಜ ಹೇಳಲು ಮನಸ್ಸು ಬರಲಿಲ್ಲ. “ತುಂಬಾ ಚೆನ್ನಾಗಿದೆ ಕಣ್ರೀ,” ಎಂದು ತಾನೂ ಕೂಗಿದ್ದಳು. ಆಮೇಲೆ ಅದೇ ಮಾತನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಳು. ಈಗ ಆ ಫಿಲ್ಟರನ್ನು ಕಿತ್ತು ಹಾಕಿಸುವುದೆಂದರೆ, ಸತ್ತವರಿಗೆ ಎದುರಾಡಿದ ಹಾಗೆ. ಕೀಳಿಸದಿದ್ದರೆ ಕಾರೇ ಮನೆ ಬಿಟ್ಟು ಹೋಗುತ್ತದೆ.

ಸ್ಟೂಲು ಹತ್ತಿ ಅಟ್ಟ ತಡಕಿದಳು. ತುಕ್ಕು ಹಿಡಿದ ಕೇಕಿನ ಅಚ್ಚುಗಳ ಹಿಂದೆ, ಅವಳದೇ ಹಿಟ್ಟಿನ ಚೀಲದಲ್ಲಿ ಸುತ್ತಿ, ಅವಳದೇ ದಾರದಲ್ಲಿ ಕಟ್ಟಿಟ್ಟ ಗಂಟೊಂದು ಸಿಕ್ಕಿತು. ದೂಳು, ಜೇಡನ ಬಲೆ ಇರುತ್ತದೆಂದು ಸೆರಗು ಮೂಗಿಗೆ ಅಡ್ಡ ಹಿಡಿದು ಬಿಚ್ಚಿದಳು. ಡಬ್ಬಿ ಫಳಫಳ ಹೊಳೆಯಿತು. ಒಳಗೆ ಹೊಸ ಫಿಲ್ಟರು. ಅಂಚಿಗೆ ಹೊಸ ರಬ್ಬರು. ಗಾಳಿ ಎಳೆಯುವ ಬಾಯಿಗೆ ಮೊದಲಿದ್ದುದಕ್ಕಿಂತ ಅಗಲವಾದ ಕೊಳವೆ, ನೀಟಾಗಿ ಬಿಗಿದದ್ದು. ಮಗಳನ್ನು ಸಿಂಗರಿಸಿ ಒಳಮನೆಯಲ್ಲಿ ಕೂರಿಸಿ, ಕರೆಯುವುದನ್ನೇ ಮರೆತಂತಿತ್ತು.

ಗ್ಯಾರೇಜಿಗೆ ಹೊತ್ತೊಯ್ದು ಮೇಸ್ತ್ರಿಯ ಮುಂದಿಟ್ಟಳು. “ಇದನ್ನ ಯಾರು ಹೀಗೆ ಸಿದ್ಧ ಮಾಡಿದ್ದು?”

ಅವನು ಡಬ್ಬಿಯನ್ನೇ ನೋಡಿದ. “ಅಣ್ಣನೇ. ರಬ್ಬರು ನಾನೇ ಕೊಟ್ಟಿದ್ದು. ಆ ಬುಗುರಿ ಫಿಲ್ಟರು ಹಾಕಿದ ಮೇಲೆ ಸದ್ದು ಜಾಸ್ತಿ, ಓಟ ಕಮ್ಮಿ ಅಂತ ಅವರಿಗೆ ಬೇಗನೆ ತಿಳೀತು. ಇಲ್ಲೇ ಕೂತು ಡಬ್ಬಿ ಬಾಯಿ ಅಗಲ ಮಾಡಿದ್ರು. ಹಾಕ್ಬಿಡ್ತೀನಿ ಕೊಡಣ್ಣ ಅಂದೆ. ಬೇಡ ಅಂದ್ರು.”

“ಯಾಕೆ?”

“ಗಂಡಹೆಂಡ್ತಿ ವಿಚಾರ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಆಗ ಸುಮ್ಮನಿದ್ದೆ.” ಮೇಸ್ತ್ರಿ ಡಬ್ಬಿಯ ಅಂಚನ್ನು ಬಟ್ಟೆಯಿಂದ ಒರೆಸಿದ. “‘ನನಗೆ ತಲೆನೋವು ಬರತ್ತೆ ಕಣೋ, ಆದ್ರೆ ಅವಳಿಗೆ ಆ ಸದ್ದು ಅಂದ್ರೆ ಪ್ರಾಣ. ಇರ್ಲಿ ಬಿಡು, ತಂಪು ಹೊತ್ತಲ್ಲಿ ಹೊರಟ್ರೆ ಏರು ಹತ್ತತ್ತೆ’ ಅಂದ್ರು.”

ಗುಡ್ಡಕ್ಕೆ ಹೋಗುವ ದಿನ ನಸುಕಿನಲ್ಲೇ ಎಬ್ಬಿಸಿ, “ಬೇಗ, ಬೇಗ,” ಎಂದು ಅವಸರಪಡಿಸುತ್ತಿದ್ದ ಗಂಡ ಕಣ್ಣ ಮುಂದೆ ಬಂದರು. ರೈಲಿನವರ ಗಡಿಬಿಡಿ ಎಂದು ಅವಳು ಹಂಗಿಸುತ್ತಿದ್ದಳು. ಅವರು ಹೋದ ಮೇಲೆ ಒಲೆಯನ್ನೂ ಗಿರಾಕಿಗಳನ್ನೂ ಒಬ್ಬಳೇ ಸುಧಾರಿಸಿ ಹೊರಡುವಷ್ಟರಲ್ಲಿ ನೆತ್ತಿಯ ಮೇಲೆ ಬಿಸಿಲು.

ಅವಳಿಗೆ ನಗು ಬಂತು. ನಗು ನಗುವಾಗಿ ಉಳಿಯಲಿಲ್ಲ. ಮೇಸ್ತ್ರಿ ಆಚೆ ತಿರುಗಿ, ತನ್ನ ಜೇಬಿನಲ್ಲೇ ಇದ್ದ ಸ್ಪ್ಯಾನರನ್ನು ಮೂಲೆಮೂಲೆಯಲ್ಲಿ ಹುಡುಕತೊಡಗಿದ.

“ಹಾಕಿ ಮೇಸ್ತ್ರಿ,” ಅಂದಳು, ಸೆರಗಿನಿಂದ ಕಣ್ಣೊರೆಸಿಕೊಂಡು.

ಮುಂದಿನ ವಾರ ಸುಡು ಮಧ್ಯಾಹ್ನದಲ್ಲೇ ಹೊರಟಳು. ಏರು ಬಂತು. ಹೋದ ಸಲ ನಿಂತಿದ್ದ ತಿರುವೂ ಬಂತು. ಅವಳು ಉಸಿರು ಬಿಗಿಹಿಡಿದಳು, ಕಾರು ಹಿಡಿಯಲಿಲ್ಲ. ಹೊರಗಿನ ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಹಗುರಾಗಿ ತಿರುವು ದಾಟಿ, ಮುಂದಿನದನ್ನೂ ದಾಟಿತು.

ಆಗಲೇ ಅವಳ ಕಿವಿಗೆ ಬಿದ್ದದ್ದು. ಗರ್ಜನೆ ಇಲ್ಲ. ರಸ್ತೆಯ ಮೇಲೆ ಟೈರು ಸರಿಯುವ ಸದ್ದು, ಪೊಟ್ಟಣದ ಕಾಗದ ಅಲುಗುವ ಸರಬರ. ಇಷ್ಟು ವರ್ಷ ಈ ಏರಿನಲ್ಲಿ ಇಬ್ಬರೂ ಒಂದು ಮಾತೂ ಆಡಿರಲಿಲ್ಲ, ಆಡಿದರೂ ಕೇಳಿಸುವಂತಿರಲಿಲ್ಲ. ಈಗ ಪಿಸುಗುಟ್ಟಿದರೂ ಸಾಕಿತ್ತು.

“ನನಗೂ ತಲೆನೋವೇ ಬರ್ತಿತ್ತು ಕಣ್ರೀ,” ಅಂದಳು.

ತುದಿಯಲ್ಲಿ ಇಂಜಿನ್ ಆರಿಸಿ ಕೆರೆ ನೋಡುತ್ತಾ ಕೂತಿದ್ದಾಗ ಅಕ್ಕನ ಫೋನು ಬಂತು.

“ನಿಂತಿತಾ?”

“ಇಲ್ಲಕ್ಕ. ಮೇಲೆ ಬಂದಿದೀನಿ.”

“ಪುಣ್ಯ. ದಾರೀಲೆಲ್ಲ ಹೇಗಿತ್ತು?”

“ಸದ್ದೇ ಇರಲಿಲ್ಲ.”

“ಅಯ್ಯೋ, ಒಳ್ಳೇದಾಯ್ತಲ್ಲ. ಆರಾಮಾಗಿ ಮಾತಾಡ್ಕೊಂಡು ಹೋಗಬಹುದು,” ಎಂದ ಅಕ್ಕ, ತಾನಂದದ್ದು ತನಗೇ ಕೇಳಿಸಿ ಸುಮ್ಮನಾದಳು.

“ಹೂಂ,” ಅಂದಳು ಇವಳು. ಬನ್ನಿನ ಪೊಟ್ಟಣವನ್ನು ಸೀಟಿನಿಂದ ಎತ್ತಿ, ಹಿಂದಿನಂತೆ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.