ಕಿಟಕಿ ಕಡೆಯ ಜಾಗ

ವಲಸೆ ಕಚೇರಿಯಿಂದ ಇಬ್ಬರೂ ನಗುತ್ತಲೇ ಮನೆಗೆ ಬಂದರು. ಮೈದುನ ಜಾಕೆಟ್ಟನ್ನು ಕುರ್ಚಿಯ ಬೆನ್ನಿಗೆ ಹಾಕಿ ಕೂತ. ಓರಗಿತ್ತಿ ಬಾಗಿಲ ಬಳಿ ಶೂ ಬಿಚ್ಚುತ್ತ, "ಅಕ್ಕಾ, ನಾವು ಪಾಸು" ಅಂದಳು.

ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಏನೇನು ಕೇಳಿದ್ರು? ಒಂದೂ ಬಿಡದೆ ಹೇಳಿ."

ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ ಎಂಬುದು ನಮಗೆ ಮೊದಲೇ ಗೊತ್ತಿತ್ತು. ಓರಗಿತ್ತಿ ಹೊರದೇಶದವಳು. ಮೈದುನ ಹೊಸ ಒಲೆಯ ಕೆಲಸ ಕಲಿಯಲೆಂದು ಬೇಕರಿಯವರ ಖರ್ಚಿನಲ್ಲಿ ಅವಳ ಊರಿಗೆ ಹೋಗಿದ್ದ. ಸುಟ್ಟ ಏಪ್ರನ್ ಹೊಲಿಸಲು ಹೋದವನು ಹೊಲಿದವಳನ್ನೇ ಕಟ್ಟಿಕೊಂಡು ಬಂದ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಈಗ ಅವಳಿಗಿರುವುದು ತಾತ್ಕಾಲಿಕ ಅನುಮತಿ, ಈ ಚಳಿಗಾಲ ಮುಗಿದರೆ ಅದೂ ಮುಗಿಯುತ್ತದೆ. ಮದುವೆ ನಿಜವಾದದ್ದು, ಕಾಗದಕ್ಕಾಗಿ ಮಾಡಿಕೊಂಡದ್ದಲ್ಲ ಎಂದು ಕಚೇರಿಗೆ ನಂಬಿಕೆ ಬಂದರೆ ಅವಳು ಇಲ್ಲೇ ಇರಬಹುದು. ಬರದಿದ್ದರೆ ವಾಪಸು ಹೋಗಬೇಕು, ಮತ್ತೆ ಅರ್ಜಿ ಹಾಕಲು ವರ್ಷಗಟ್ಟಲೆ ಕಾಯಬೇಕು.

"ಇವಳ ತಮ್ಮ ಹುಟ್ಟಿದ್ದು ಯಾವ ತಿಂಗಳು ಅಂತ ಕೇಳಿದ್ರು" ಅಂದ ಮೈದುನ. "ಹೇಳ್ದೆ. ಅವನು ಎರಡು ಸಲ ಫೇಲಾಗಿದ್ದನ್ನೂ ಹೇಳ್ದೆ."

"ಅದನ್ನ ಯಾರು ಕೇಳಿದ್ರು ನಿಮ್ಮನ್ನ?" ಅಂದಳು ಓರಗಿತ್ತಿ.

"ವಿಷಯ ಗೊತ್ತಿದೆ ಅಂತ ತೋರಿಸ್ಬೇಡ್ವಾ?"

"ನನ್ನ ತಮ್ಮನ ಮಾನ ತೆಗೆದು ನನ್ನ ಮದುವೆ ಉಳಿಸ್ತಿದಾರೆ ನೋಡಿ ಅಕ್ಕ." ಅವಳು ನನ್ನ ಪಕ್ಕ ಬಂದು ಕೂತಳು. ಆಮೇಲೆ ದನಿ ತಗ್ಗಿಸಿ, "ಮಂಚದಲ್ಲಿ ಯಾವ ಕಡೆ ಮಲಗ್ತೀರಿ ಅಂತಾನೂ ಕೇಳಿದ್ರು. ಕಿಟಕಿ ಕಡೆ ಅಂದೆ" ಅಂದಳು.

"ನಾನೂ ಅದನ್ನೇ ಅಂದೆ" ಅಂದ ಮೈದುನ. "ಕಿಟಕಿ ಕಡೆ."

ಉತ್ತರ ತಾಳೆಯಾಯಿತೆಂದು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಹಿಗ್ಗಿದರು. ಅತ್ತೆ ಮಾತ್ರ ನಿಂತಲ್ಲೇ ನಿಂತಿದ್ದರು.

"ಪೆದ್ದುಗಳಾ" ಅಂದರು. "ಇಬ್ಬರೂ ಕಿಟಕಿ ಕಡೆ ಮಲಗಿದ್ರೆ ಗೋಡೆ ಕಡೆ ಯಾರು ಮಲಗ್ತಾರೆ? ಸರ್ಕಾರನಾ?"

ಮೈದುನ ಕುರ್ಚಿಯ ಬೆನ್ನಿನಿಂದ ಜಾಕೆಟ್ಟನ್ನು ಮತ್ತೆ ಎಳೆದುಕೊಂಡ.

ಅವರಿಬ್ಬರೂ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೈದುನನದು ಬೇಕರಿಯಲ್ಲಿ ರಾತ್ರಿ ಪಾಳಿ. ಊರು ಏಳುವಷ್ಟರಲ್ಲಿ ಬ್ರೆಡ್ ಅಂಗಡಿಗಳಿಗೆ ಹೋಗಿರಬೇಕು. ಅವನು ಮನೆಗೆ ಬರುವಾಗ ಬೆಳಕು ಹರಿಯುತ್ತಿರುತ್ತದೆ. ಓರಗಿತ್ತಿ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಹೊರಡುವುದು ಅದೇ ಹೊತ್ತಿಗೆ. ಅವನ ರಜೆ ಮಂಗಳವಾರ, ಅವಳದು ಭಾನುವಾರ. ಅವರ ಕೋಣೆಯ ಕಿಟಕಿಯ ಕೆಳಗೆ ಬಿಸಿನೀರಿನ ಪೈಪು ಹಾದುಹೋಗಿದೆ, ಆ ಬದಿ ಬೆಚ್ಚಗಿರುತ್ತದೆ. ಇನ್ನೊಂದು ಬದಿ ಹೊರಗೋಡೆಗೆ ತಾಗಿಕೊಂಡಿದೆ, ಯಾವಾಗಲೂ ತೇವ. ಹಾಗಾಗಿ ಅವಳು ರಾತ್ರಿ ಕಿಟಕಿ ಕಡೆ ಮಲಗುತ್ತಾಳೆ, ಅವನು ಹಗಲು ಅದೇ ಜಾಗದಲ್ಲಿ ಮಲಗುತ್ತಾನೆ. ಗೋಡೆಯ ಕಡೆ ಅವಳು ಮನೆಗೆ ತಂದ ಕೆಲಸ, ಅಂದರೆ ಅಂಚು ಮಡಿಸಿ ಹೊಲಿಯಬೇಕಾದ ಪ್ಯಾಂಟುಗಳ ರಾಶಿ ಮಲಗಿರುತ್ತದೆ.

ಇಬ್ಬರಿಗೂ ಪಾಠ ಹೇಳಿಕೊಟ್ಟವಳು ನಾನು. ಫೋಟೊಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದೆ. ಜಂಟಿ ಖಾತೆ, ಕರೆಂಟು ಬಿಲ್ಲು, ಸೋದರಮಾವಂದಿರ ಹೆಸರು, ಅವಳಿಗೆ ಯಾವ ಮಾತ್ರೆ ಒಗ್ಗುವುದಿಲ್ಲ ಎಂಬುದು, ಎಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಸಿದ್ದೆ. ಮಂಚದ ವಿಷಯ ಕೇಳಿರಲಿಲ್ಲ. ಅತ್ತಿಗೆಯಾದವಳು ಮೈದುನನನ್ನು ಅದನ್ನು ಹೇಗೆ ಕೇಳುವುದು?

"ನಾಳೆ ಹೋಗಿ ಬಿಡಿಸಿ ಹೇಳಿ ಬರ್ತೀನಿ" ಅಂದ ಮೈದುನ.

"ಸುಮ್ನಿರು ಗೂಬೆ" ಅಂದರು ಅತ್ತೆ. ರಾತ್ರಿ ಕೆಲಸಕ್ಕೆ ಸೇರಿದ ದಿನದಿಂದ ಅವನಿಗೆ ಅದೇ ಹೆಸರು. "ಹೇಳಿದ್ದು ಸಾಕು. ಇನ್ನು ಇವಳ ತಮ್ಮನ ಎರಡನೇ ಫೇಲಿನ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗ್ತೀಯಾ?"

ಓರಗಿತ್ತಿ ನಗಲಿಲ್ಲ.

ಸ್ವಲ್ಪ ದಿನದಲ್ಲಿ ಕಚೇರಿಯಿಂದ ಪತ್ರ ಬಂತು. ದಂಪತಿಯ ಉತ್ತರಗಳಲ್ಲಿ ಹೊಂದಾಣಿಕೆಯಾಗದ ಅಂಶಗಳಿವೆ, ಅಧಿಕಾರಿಯೊಬ್ಬರು ಮನೆಗೆ ಬರಲಿದ್ದಾರೆ, ದಿನ ಮುಂಚಿತವಾಗಿ ತಿಳಿಸಲಾಗುವುದಿಲ್ಲ, ಮನೆಯ ಇತರರನ್ನೂ ವಿಚಾರಿಸಬಹುದು.

ಅತ್ತೆ ಆ ಸಂಜೆಯೇ ಪೇಟೆಗೆ ಹೋಗಿ ಹೂವಿನ ಚಿತ್ರದ ಹೊಸ ಹೊದಿಕೆ, ಅದಕ್ಕೆ ಜೋಡಿಯಾಗುವ ಎರಡು ದಿಂಬು ತಂದರು. ಪ್ಯಾಂಟುಗಳನ್ನು ಮೂಟೆ ಕಟ್ಟಿ ಕಪಾಟಿನ ಮೇಲೆ ಹಾಕಿದರು. ಮಂಚ ಪೀಠೋಪಕರಣದ ಅಂಗಡಿಯಲ್ಲಿ ಮಾರಾಟಕ್ಕಿಟ್ಟಂತೆ ಕಾಣುತ್ತಿತ್ತು.

"ಇದರ ಮೇಲೆ ಕೂರೋಕೇ ಭಯ ಆಗುತ್ತೆ ಅತ್ತೆ" ಅಂದಳು ಓರಗಿತ್ತಿ.

"ಕೂರ್ಬೇಡ. ಮಲಗು. ಇಬ್ಬರೂ ಮಲಗಿ, ಒಟ್ಟಿಗೆ, ಎಲ್ಲರ ಥರ."

ಮೈದುನ ಮೇಸ್ತ್ರಿಯನ್ನು ಬೇಡಿಕೊಂಡು ಹಗಲು ಪಾಳಿ ಹಾಕಿಸಿಕೊಂಡ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರು ಎಲ್ಲರಂತೆ ಬದುಕಲು ಹೊರಟರು. ಬೆಳಗ್ಗೆ ಒಟ್ಟಿಗೆ ಎದ್ದರು, ಒಟ್ಟಿಗೆ ಹೊರಟರು, ಸಂಜೆ ಒಟ್ಟಿಗೆ ಊಟ ಮಾಡಿದರು. ಇಬ್ಬರ ಕಣ್ಣೂ ಕೆಂಪಾದವು. ಅವನಿಗೆ ರಾತ್ರಿ ನಿದ್ದೆ ಬರದು, ಹೊರಳುತ್ತಾನೆ. ಅವನು ಹೊರಳಿದರೆ ಅವಳಿಗೆ ಎಚ್ಚರ. ಹಗಲು ಅವನು ಹಿಟ್ಟಿನ ಮೂಟೆಗೆ ಒರಗಿ ತೂಕಡಿಸಿ ಬೈಸಿಕೊಂಡು ಬಂದ. ಅವಳು ಒಂದು ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟಳು.

ಹಾಗೆಯೇ ಒಂದು ಸಂಜೆ ಜಗಳ ಶುರುವಾಯಿತು. ಈ ಮನೆಯಲ್ಲಿ ಅವರಿಬ್ಬರು ಜೋರು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಗೋಡೆ ಕಡೆ ನೀವು ಮಲಗಿ. ನನಗೆ ಕಾಲು ಮರಗಟ್ಟುತ್ತೆ."

"ನಿನ್ನೆ ನಾನೇ ಮಲಗಿದ್ದೆ."

"ಮಲಗಿದ್ರಾ? ಮೀನು ಒದ್ದಾಡಿದ ಹಾಗೆ ಒದ್ದಾಡ್ತಿದ್ರಿ."

"ಹಂಗಾದ್ರೆ ಮೀನು ಅಂತಾನೇ ಬರೆಸು ಅರ್ಜೀಲಿ. ಗಂಡನ ಹೆಸರು, ಮೀನು."

ಅವಳು ಬಾಗಿಲು ಹಾಕಿಕೊಂಡಳು. ಅವನು ಅಡುಗೆಮನೆಗೆ ಬಂದು ನನ್ನ ಎದುರು ಕೂತ. ಚಹಾ ಕೊಟ್ಟೆ, ಕುಡಿಯಲಿಲ್ಲ.

"ಅತ್ತಿಗೆ, ಅವಳು ಹೋಗ್ಬೇಕಾಗಿ ಬಂದ್ರೆ ನಾನೂ ಹೋಗ್ತೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ."

"ಹೇಳ್ಬೇಡ."

"ನಿಮ್ಮಿಬ್ಬರನ್ನ ಬಿಟ್ಟು ಹೋಗೋಕೆ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವನ ಅಣ್ಣ ತೀರಿಕೊಂಡ ಮೇಲೆ ಮನೆಯ ಬಾಡಿಗೆ ಅವನದೇ, ಅಮ್ಮನ ಆಸ್ಪತ್ರೆಯ ಓಡಾಟ ಅವನದೇ. ಒಂದು ದಿನವೂ ಅದನ್ನು ಆಡಿ ತೋರಿಸಿದವನಲ್ಲ.

"ನಿನ್ನ ಪಾಳಿಗೆ ವಾಪಸು ಹೋಗಪ್ಪ" ಅಂದೆ. "ಬರೋರು ಬರ್ಲಿ. ಮನೆ ಹೆಂಗಿದೆಯೋ ಹಂಗೆ ನೋಡ್ಲಿ."

"ನೋಡಿದ್ರೆ ಒಂದೇ ದಿಂಬು ಕಾಣುತ್ತೆ."

"ಕಾಣ್ಲಿ."

ಅಷ್ಟು ಧೈರ್ಯ ನನಗೂ ಇರಲಿಲ್ಲ. ಅವನ ಕಣ್ಣು ನೋಡಿ ಹಾಗಂದೆ. ಅವನು ರಾತ್ರಿ ಪಾಳಿಗೆ ಮರಳಿದ, ಪ್ಯಾಂಟುಗಳು ಕಪಾಟಿನಿಂದ ಇಳಿದವು. ಹೂವಿನ ಹೊದಿಕೆಯನ್ನು ಅತ್ತೆ ಮಡಿಸಿ, ಹೊಸ ದಿಂಬುಗಳನ್ನೂ ಸೇರಿಸಿ, ಒಳ್ಳೆಯ ಬುದ್ಧಿ ಇರುವವರಿಗೆ ಕೊಡುತ್ತೇನೆ ಎಂದು ಎತ್ತಿಟ್ಟರು.

ಅಧಿಕಾರಿ ಬಂದದ್ದು ಒಂದು ಬೆಳಗ್ಗೆ, ಇನ್ನೂ ಬೀದಿದೀಪ ಆರಿರಲಿಲ್ಲ. ಬಾಗಿಲು ತೆರೆದವಳು ನಾನು. ಅತ್ತೆಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸು, ಕುತ್ತಿಗೆಗೆ ಗುರುತಿನ ಚೀಟಿ, ನೆಗಡಿಯಿಂದ ಕೆಂಪಾದ ಮೂಗು. ಒಳಗೆ ಬಂದು ಜೋಡಿಸಿಟ್ಟ ಶೂಗಳನ್ನು ನೋಡಿದರು.

"ಗಂಡ ಎಲ್ಲಿ?"

"ಇನ್ನೂ ಬಂದಿಲ್ಲ."

"ಹೆಂಡತಿ?"

"ಮಲಗಿದಾಳೆ."

ಅವರು ಏನನ್ನೋ ಗುರುತು ಹಾಕಿಕೊಂಡರು. ಅರೆತೆರೆದ ಬಾಗಿಲಿನಿಂದ ಕೋಣೆ ಕಾಣುತ್ತಿತ್ತು. ಓರಗಿತ್ತಿ ಕಿಟಕಿ ಕಡೆ ಮುದುಡಿ ಮಲಗಿದ್ದಳು. ಪಕ್ಕದಲ್ಲಿ ಪ್ಯಾಂಟುಗಳ ರಾಶಿ. ಒಂದು ದಿಂಬು. ಗಂಡ ಇರದ ಮನೆಯ ಮಂಚ ಹೇಗಿರುತ್ತದೋ ಹಾಗೆಯೇ ಇತ್ತು ಅದು.

ಅತ್ತೆ ಓರಗಿತ್ತಿಯನ್ನು ಎಬ್ಬಿಸಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಬಾಗಿಲಲ್ಲಿ ಬೀಗದ ಕೈ ತಿರುಗಿದ ಸದ್ದಾಯಿತು. ಅಧಿಕಾರಿ ಬೆರಳೆತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿ, ಅಡುಗೆಮನೆಯ ಒಳಕ್ಕೆ ಒಂದು ಹೆಜ್ಜೆ ಸರಿದು ನಿಂತರು.

ಮೈದುನ ಒಳಗೆ ಬಂದ. ಹುಬ್ಬಿನ ಮೇಲೆ ಹಿಟ್ಟು. ಕಣ್ಣು ಅರ್ಧ ಮುಚ್ಚಿತ್ತು. ನಮ್ಮ ಕಡೆ ನೋಡಲೂ ಇಲ್ಲ. ಜಾಕೆಟ್ಟಿನೊಳಗಿಂದ ಎದೆಗೆ ಅವಚಿಕೊಂಡಿದ್ದ ಬ್ರೆಡ್ಡನ್ನು ತೆಗೆದು ಬಟ್ಟೆ ಸುತ್ತಿ ಅವಳ ಊಟದ ಚೀಲದಲ್ಲಿ ಇಟ್ಟ. ಅವಳ ಶೂ ಎತ್ತಿ ಪೈಪಿನ ಮೇಲೆ ಬೆಚ್ಚಗಾಗಲು ಇಟ್ಟ. ಕೈಕಾಲು ತೊಳೆದುಕೊಂಡು ಬಂದು ಮಂಚದ ಪಕ್ಕ ನಿಂತ.

"ಏಳೇ. ನನ್ನ ಜಾಗ."

"ಐದು ನಿಮಿಷ ರೀ."

"ಐದು ನಿಮಿಷ ಅಂದ್ರೆ ನಾನು ನಿಂತಲ್ಲೇ ಬೀಳ್ತೀನಿ."

"ಬೀಳಿ. ಗೋಡೆ ಕಡೆ ಬೀಳಿ."

"ಅಲ್ಲಿ ಪೊಲೀಸರು ಮಲಗಿದಾರೆ." ಅವಳು ಹೊಲಿಯುತ್ತಿದ್ದದ್ದು ಪೊಲೀಸರ ಪ್ಯಾಂಟು.

ಅವಳು ನಗುತ್ತ ಎದ್ದಳು. ಎದ್ದವಳು ಹೊದಿಕೆಯನ್ನು ಹಿಂದಕ್ಕೆ ತಳ್ಳಲಿಲ್ಲ, ಒಂದು ಅಂಚು ಮಾತ್ರ ಎತ್ತಿ ಹಿಡಿದಳು. ಅವನು ಅದರಡಿ ತೂರಿದ. ಕೂಡಲೇ ಅಂಚು ಬಿಟ್ಟು ಸುತ್ತಲೂ ಒತ್ತಿದಳು, ಒಳಗಿನ ಬಿಸಿ ಹೊರಗೆ ಹೋಗದಂತೆ. ದಿನವೂ ಮಾಡುವ ಕೆಲಸ, ಅವಳು ಅದನ್ನು ನೋಡದೆಯೇ ಮಾಡಿದಳು. ಅವನ ಹುಬ್ಬಿನ ಮೇಲಿನ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿ ತಿರುಗಿದಾಗ ಅಧಿಕಾರಿ ಕಂಡರು.

ಅವಳು ಕೂಗಲಿಲ್ಲ. ಕೂದಲು ಸರಿಮಾಡಿಕೊಂಡು, "ಬನ್ನಿ" ಅಂದಳು, ಸಣ್ಣ ದನಿಯಲ್ಲಿ.

ಅಧಿಕಾರಿ ಕೋಣೆಯ ಬಾಗಿಲಿಗೆ ಬಂದು ನಿಂತರು. "ಒಂದೇ ದಿಂಬು ಯಾಕೆ?"

ಮೈದುನ ಎದ್ದು ಕೂರಲು ನೋಡಿದ. ಅರ್ಧ ನಿದ್ದೆಯಲ್ಲಿದ್ದ, ಯಾರು ಕೇಳುತ್ತಿದ್ದಾರೆಂದು ಅವನಿಗೆ ಪೂರ್ತಿ ಹೊಳೆದಿರಲಿಲ್ಲ. "ಇನ್ನೊಂದು ಇಟ್ರೆ ಅದು ತಣ್ಣಗಿರುತ್ತೆ ಮೇಡಂ" ಅಂದ.

"ಹೊಸದು ಎರಡು ತಂದಿದ್ದೆ" ಅಂದರು ಅತ್ತೆ, ಅಡುಗೆಮನೆಯಿಂದಲೇ. "ಇವರ ಯೋಗ್ಯತೆಗೆ ಹಿಡಿಸ್ಲಿಲ್ಲ. ಇವನ ರಜಾ ದಿನಾನೂ ನೋಡಿದೀನಿ, ಅಷ್ಟು ದೊಡ್ಡ ಮಂಚದಲ್ಲಿ ಇಬ್ಬರೂ ಕಿಟಕಿ ಅಂಚಿಗೇ ಜೋತು ಬಿದ್ದಿರ್ತಾರೆ, ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತೋರ ಹಾಗೆ."

ಅಧಿಕಾರಿ ಮೂಗು ಒರೆಸಿಕೊಂಡರು. ನಕ್ಕರೋ ಏನೋ, ಕರವಸ್ತ್ರ ಅಡ್ಡವಿತ್ತು. ಓರಗಿತ್ತಿಯ ಬಸ್ಸಿಗೆ ಹೊತ್ತಾಗುತ್ತದೆ ಎಂದು ಅವಳನ್ನು ಕಳಿಸಿಕೊಟ್ಟರು. ಅವಳು ಬೆಚ್ಚಗಿನ ಶೂ ಹಾಕಿಕೊಂಡು, ಬಾಗಿಲಲ್ಲಿ ನನ್ನನ್ನೊಮ್ಮೆ ನೋಡಿ ಹೋದಳು. ಮೈದುನ ಆಗಲೇ ಗೊರಕೆ ಹೊಡೆಯುತ್ತಿದ್ದ.

ಅಧಿಕಾರಿ ನನ್ನ ಎದುರು ಕೂತರು.

"ನೀವು ಇವರ ಜೊತೆಗೇ ಇರೋದು. ಇವರು ನಿಜವಾಗಿ ಗಂಡ ಹೆಂಡತಿ ಅಂತ ನಿಮಗೆ ಹೇಗೆ ಗೊತ್ತು?"

ಇದಕ್ಕೆ ನಾನೊಂದು ಉತ್ತರ ಸಿದ್ಧಮಾಡಿಕೊಂಡಿದ್ದೆ. ಮದುವೆಯ ದಿನ, ಫೋಟೊ, ಜಂಟಿ ಖಾತೆ. ಅದು ಬಾಯಿಗೆ ಬರಲಿಲ್ಲ.

"ಆ ಹಾಸಿಗೆ ತಣ್ಣಗಾಗೋಕೆ ಅವರು ಬಿಡೋದಿಲ್ಲ" ಅಂದೆ. "ಅವಳಿಗೆ ಎಷ್ಟೊತ್ತಿಗೋ ಎಚ್ಚರ ಆಗಿರುತ್ತೆ. ಅವನ ಬೀಗದ ಸದ್ದು ಕೇಳೋವರೆಗೂ ಏಳೋದಿಲ್ಲ. ಅವನಿಗೋಸ್ಕರ ಕಾಯ್ಕೊಂಡು ಮಲಗಿರ್ತಾಳೆ."

ಅವರು ಬರೆಯುತ್ತಿರಲಿಲ್ಲ, ಕೇಳುತ್ತಿದ್ದರು.

"ನನ್ನ ಗಂಡ ತೀರಿಕೊಂಡಿದಾರೆ. ಪಕ್ಕ ತಣ್ಣಗಿರೋದು ಹೇಗಿರುತ್ತೆ ಅಂತ ನನಗೆ ಗೊತ್ತು. ಇವರದು ಹಾಗಿಲ್ಲ."

ಅತ್ತೆ ಒಲೆಯ ಮೇಲಿದ್ದ ಪಾತ್ರೆಯನ್ನು ಸುಮ್ಮನೆ ಎತ್ತಿ ಅಲ್ಲೇ ಇಟ್ಟರು. ಅಧಿಕಾರಿ ಚಹಾ ಬೇಡವೆಂದರು. ಏಳುವಾಗ ಕೋಣೆಯ ಬಾಗಿಲನ್ನು ಸದ್ದಾಗದಂತೆ ತಾವೇ ಎಳೆದುಕೊಂಡರು.

ಅನುಮತಿ ಪತ್ರ ಬಂದದ್ದು ಚಳಿಗಾಲ ಮುಗಿಯುವ ಮೊದಲು, ಒಂದು ಮಧ್ಯಾಹ್ನ. ಅವನು ಮಲಗಿದ್ದ, ಅವಳು ಕಾರ್ಖಾನೆಯಲ್ಲಿದ್ದಳು. ನಾನು ಓದಿದೆ, ಅತ್ತೆಗೆ ಓದಿ ಹೇಳಿದೆ. ಅವರು ಪತ್ರವನ್ನು ಕೈಗೆ ತೆಗೆದುಕೊಂಡು ತಾವೂ ಒಮ್ಮೆ ನೋಡಿದರು.

"ಗೂಬೇನ ಎಬ್ಬಿಸು."

"ಬೇಡ ಅತ್ತೆ. ಅವಳು ಬರ್ಲಿ. ಅವಳೇ ಹೇಳ್ಲಿ."

"ಅಲ್ಲೀವರೆಗೂ ನನ್ನ ಹೊಟ್ಟೇಲಿ ಹೇಗೆ ಇಟ್ಕೊಳ್ಳಲಿ?" ಅಂದರು. ಇಟ್ಟುಕೊಂಡರು. ಕೈ ಸುಮ್ಮನಿರದೆ, ಅವಳು ಹೊಲಿದಿಟ್ಟಿದ್ದ ಪ್ಯಾಂಟುಗಳನ್ನು ಸದ್ದಿಲ್ಲದೆ ಹೊರಗೆ ತಂದು ಒಂದೊಂದಾಗಿ ಇಸ್ತ್ರಿ ಮಾಡತೊಡಗಿದರು.

ಓರಗಿತ್ತಿ ಸಂಜೆ ಬಂದಳು. ಪತ್ರ ಓದಿ, ಕೆನ್ನೆಗೆ ಒತ್ತಿಕೊಂಡು, ನನ್ನ ಭುಜಕ್ಕೆ ಹಣೆ ತಾಗಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೋಣೆಗೆ ಹೋದಳು. "ಸರೀರಿ ಅತ್ಲಾಗೆ" ಅನ್ನುವುದು ಕೇಳಿಸಿತು. "ಇನ್ನೂ ಹೊತ್ತಿದೆಯಲ್ಲೇ" ಅಂದ ಅವನು. ನಂತರ ಬಾಗಿಲು ಮುಚ್ಚಿತು.

ಇಸ್ತ್ರಿ ಮುಗಿದಿತ್ತು. ಅತ್ತೆ ಪ್ಯಾಂಟುಗಳ ರಾಶಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮುಚ್ಚಿದ ಬಾಗಿಲನ್ನು ನೋಡಿದರು. ತಿರುಗಿ ನನ್ನ ಕೋಣೆಗೆ ಹೋಗಿ, ನನ್ನ ಮಂಚದ ಮೇಲೆ, ಅವರ ಮಗ ಮಲಗುತ್ತಿದ್ದ ಕಡೆ ಇಟ್ಟರು.

"ಇವತ್ತು ಇದು ಇಲ್ಲೇ ಇರ್ಲಿ ಕಣೇ" ಅಂದರು.

ಕೈ ಇಟ್ಟು ನೋಡಿದೆ. ಬಟ್ಟೆ ಇನ್ನೂ ಬೆಚ್ಚಗಿತ್ತು.

"ಇರ್ಲಿ" ಅಂದೆ.